ಗಣೇಶ ಹಾಲು ಕುಡಿದ ದಿನ, ತಾತನ ಕಾಫಿ

ಸೆಪ್ಟೆಂಬರ್ ಇಪ್ಪತ್ತೊಂದರಂದು ನಮ್ಮ ಮನೆಯಲ್ಲಿ ಕಾಫಿಗೆ ಒಂದು ತೊಟ್ಟೂ ನೀರು ಹಾಕುವುದಿಲ್ಲ. ಬರೀ ಹಾಲನ್ನೇ ಒಲೆಯ ಮೇಲಿಟ್ಟು, ಉಕ್ಕಿ ಬಂದಾಗ ಪುಡಿ ಹಾಕಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇವೆ. ಅವತ್ತು ಮನೆಯಲ್ಲಿ ಯಾರ ಹುಟ್ಟುಹಬ್ಬವೂ ಅಲ್ಲ, ಪಂಚಾಂಗದಲ್ಲಿ ಅದಕ್ಕೊಂದು ಹೆಸರೂ ಇಲ್ಲ. ಬಂದವರು ಲೋಟ ಬಾಯಿಗಿಟ್ಟು ಇದೇನು ಇಷ್ಟು ಗಟ್ಟಿ ಎಂದರೆ, ಇವತ್ತು ಗಣೇಶ ಹಾಲು ಕುಡಿದ ದಿನ ಎಂದು ಹೇಳುತ್ತೇನೆ. ಸ್ವಲ್ಪ ವಯಸ್ಸಾದವರಿಗೆ ತಕ್ಷಣ ನೆನಪಾಗಿಬಿಡುತ್ತದೆ. ನಮ್ಮೂರಲ್ಲಿ ಹೀಗಾಯಿತು, ನಮ್ಮತ್ತೆ ಹಾಗೆ ಮಾಡಿದರು ಎಂದು ಅವರವರ ಕಥೆ ಶುರು ಮಾಡುತ್ತಾರೆ. ನನ್ನದನ್ನು ಹೇಳಲು ಯಾರೂ ಬಿಡುವುದೇ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ, ಇಲ್ಲಿ ನಡುವೆ ಬಾಯಿ ಹಾಕುವವರಿಲ್ಲ.

ಅದು 1995. ನಮ್ಮದು ನಾಗಮಂಗಲ ತಾಲ್ಲೂಕಿನಲ್ಲಿ ಹೊಣಕೆರೆಗೆ ಹತ್ತಿರದ ಹಳ್ಳಿ. ನಾನು ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್ ಆಗಿದ್ದೆ. ಬೆಳಿಗ್ಗೆ ಸಂಜೆ ಜನ ಕ್ಯಾನು, ಚೊಂಬು ಹಿಡಿದು ಸಾಲಾಗಿ ಬಂದು ನಿಲ್ಲುತ್ತಿದ್ದರು. ನಾನು ಅವರವರ ಹಾಲಿಗೆ ಗಾಜಿನ ಮೀಟರು ಬಿಟ್ಟು ನೋಡುತ್ತಿದ್ದೆ. ಒಳ್ಳೆಯ ಹಾಲಾದರೆ ಮೀಟರು ಕತ್ತೆತ್ತಿ ನಿಲ್ಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತದೆ. ಊರಿನಲ್ಲಿ ಯಾರ ಮನೆಯ ಹಸುವಿಗಿಂತ ಬಾವಿ ಜಾಸ್ತಿ ಹಾಲು ಕೊಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾಗಬೇಕಾದ ಹುಡುಗಿಗೆ ಇಷ್ಟೊಂದು ವಿಷಯ ಗೊತ್ತಿರುವುದು ಒಳ್ಳೆಯದಲ್ಲ ಎಂದು ಅವ್ವ ಗೊಣಗುತ್ತಿದ್ದಳು. ನನಗಂತೂ ಆ ಕೆಲಸ ತುಂಬ ಖುಷಿ ಕೊಡುತ್ತಿತ್ತು.

ಆ ವರ್ಷ ಆ ದಿನ ಪಿತೃಪಕ್ಷದಲ್ಲಿ ಬಂದಿತ್ತು. ನಮ್ಮ ಕಡೆ ಪಕ್ಷವೆಂದರೆ ಸತ್ತ ಹಿರಿಯರು ಮನೆಗೆ ಊಟಕ್ಕೆ ಬರುವ ಹಬ್ಬ. ಅಮಾವಾಸ್ಯೆಯ ಒಳಗೆ ಒಂದೊಂದು ಮನೆಯವರೂ ಒಂದೊಂದು ದಿನ ಗೊತ್ತುಮಾಡಿಕೊಳ್ಳುತ್ತಾರೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೇ ಎಡೆಗೆ ಇಡಬೇಕು. ಮಾಂಸ ತಿನ್ನುತ್ತಿದ್ದವರಿಗೆ ಬಾಡು, ಬೀಡಿ ಸೇದುತ್ತಿದ್ದವರಿಗೆ ಬೀಡಿಯ ಕಟ್ಟು ಬೆಂಕಿಪೊಟ್ಟಣದ ಸಮೇತ, ನಮ್ಮ ಮುತ್ತಜ್ಜಿಗೆ ಒಂದು ಚಿಟಿಕೆ ನಶ್ಯ. ದೀಪ ಹಚ್ಚಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಬಿಡುತ್ತೇವೆ. ನಾವು ನೋಡುತ್ತಾ ನಿಂತರೆ ಅವರು ಸಂಕೋಚಪಟ್ಟುಕೊಂಡು ಉಣ್ಣುವುದಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗಿ, ಆಮೇಲೆ ನಾವು ಉಣ್ಣುವುದು.

ತಾತ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಪಕ್ಷ ಅದು. ತಾತನಿಗೆ ಬಾಡು, ಬೀಡಿ ಯಾವುದರ ಚಟವೂ ಇರಲಿಲ್ಲ. ಅವನ ಪ್ರಾಣವೆಲ್ಲ ಕಾಫಿಯಲ್ಲಿ, ಅದೂ ನೀರಿಲ್ಲದ ಹಾಲಿನ ಕಾಫಿಯಲ್ಲಿ. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಗೊತ್ತಿಲ್ಲದೆ ಒಂದಿಷ್ಟು ನೀರು ಬೆರೆಸಿದ್ದಕ್ಕೆ, ಲೋಟವನ್ನು ಹಾಗೇ ತೆಗೆದುಕೊಂಡು ಹೋಗಿ ತೆಂಗಿನ ಬುಡಕ್ಕೆ ಹೊಯ್ದು, ಖಾಲಿ ಲೋಟ ವಾಪಸ್ಸು ತಂದಿಟ್ಟನಂತೆ. ಕೊನೆಯ ದಿನಗಳಲ್ಲಿ ನಾಗಮಂಗಲದ ಡಾಕ್ಟರು ಕಾಫಿ ಮುಟ್ಟಕೂಡದು ಅಂದಿದ್ದರು. ಒಂದು ಸಂಜೆ ತಾತ ಮಲಗಿದ್ದಲ್ಲಿಂದಲೇ ಅಜ್ಜಿಯನ್ನು ಕರೆದು, ಒಂದು ಗುಟುಕು ಸಾಕು ಎಂದು ಕೇಳಿದ. ನಾಳೆ ಕೊಡ್ತೀನಿ ಸುಮ್ನಿರಿ ಎಂದು ಅಜ್ಜಿ ಗದರಿದಳು. ಬೆಳಿಗ್ಗೆ ನೋಡಿದರೆ ತಾತ ಇರಲಿಲ್ಲ.

ಅಜ್ಜಿ ಅತ್ತಿದ್ದು ಕಡಿಮೆ. ಆದರೆ ಅವತ್ತಿನಿಂದ ತಾನು ಕಾಫಿ ಬಿಟ್ಟಳು, ನಗುವುದನ್ನೂ ಬಿಟ್ಟಳು. ಕೇಳಿದರೆ "ಪಕ್ಸ ಬರ್ಲಿ, ಮೊದ್ಲು ಅವ್ರಿಗೆ ಕೊಡ್ತೀನಿ" ಅನ್ನುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆ ಪಕ್ಷ ನಮ್ಮ ಅಜ್ಜಿಗೆ ಹಬ್ಬವಲ್ಲ, ನಾಳೆ ಕೊಡ್ತೀನಿ ಅಂದ ಮಾತನ್ನು ಉಳಿಸಿಕೊಳ್ಳುವ ದಿನ.

ನಮ್ಮ ಹಸು ಆಗ ಗಬ್ಬವಾಗಿ ಹಾಲು ಬತ್ತಿಸಿತ್ತು. ಆದರೆ ಹಾಲಿನ ಊರಿನಲ್ಲಿ ಹಾಲಿಗೆ ಯಾರು ಯೋಚನೆ ಮಾಡುತ್ತಾರೆ? ಬೆಳಿಗ್ಗೆಯೇ ಅಜ್ಜಿ ಪಕ್ಕದ ಮನೆಯಿಂದ ಒಂದು ಚೊಂಬು ಹಾಲು ತಂದು, ನಾನು ಮೀಟರು ಬಿಟ್ಟು ಚೆನ್ನಾಗಿದೆ ಎಂದು ಹೇಳಿದ ಮೇಲೆ ಕಾಯಿಸಿ, ಮಾಡಿಗೆ ನೇತುಹಾಕಿದ್ದ ನೆಲುವಿನಲ್ಲಿ ಇಟ್ಟಳು. "ಇದ್ನ ಯಾರೂ ಮುಟ್ಬ್ಯಾಡಿ" ಎಂದು ಮನೆಯವರಿಗೆಲ್ಲ ಒಂದು ಸಲ, ಬೆಕ್ಕಿಗೆ ಎರಡು ಸಲ ಹೇಳಿದಳು.

ಹೊತ್ತೇರಿದ ಮೇಲೆ ನಾಗಮಂಗಲದ ಬಸ್ಸು ಬಂತು. ಅದರಲ್ಲಿ ನಮ್ಮ ಸೋದರತ್ತೆ ಇಳಿದಳು. ಅವಳನ್ನು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಕೊಟ್ಟಿತ್ತು, ಪಕ್ಷಕ್ಕೆಂದು ಬಂದಿದ್ದಳು. ಚೀಲವನ್ನು ಜಗಲಿಯ ಮೇಲೆ ಕುಕ್ಕಿ, ಕಾಲಿಗೆ ನೀರೂ ಹಾಕಿಕೊಳ್ಳದೆ ಶುರುಮಾಡಿದಳು.

"ಅವ್ವಾ, ನಿಮ್ಗೆ ಗೊತ್ತೇ ಇಲ್ವಾ? ದೇಸದಲ್ಲೆಲ್ಲಾ ಗಣೇಶ ಆಲು ಕುಡೀತಾವ್ನೆ. ಪೇಟೆ ಬಸ್‌ಸ್ಟ್ಯಾಂಡ್ ಗುಡೀಲಿ ನಾನೇ ಕುಡಿಸ್ಬುಟ್ಟು ಬಂದೆ. ನಮ್ಮೂರ ಐದು ಲಿಂಗದ ಗುಡೀಲಿ ಬಸವಣ್ಣನ ಬಾಯ್ಗೂ ಇಡೀತಾವ್ರಂತೆ."

ಅವಳ ಹಿಂದೆಯೇ ಚಿಕ್ಕಪ್ಪನ ಮೊಪೆಡ್ ಬಂತು. ಅವನು ಶ್ರೀರಂಗಪಟ್ಟಣದಲ್ಲಿ ಕೆಲಸದಲ್ಲಿದ್ದವನು, ಪಕ್ಷಕ್ಕೆ ರಜಾ ಹಾಕಿ ಬಂದಿದ್ದ. ಪಟ್ಟಣದಲ್ಲಿ ಹೆದ್ದಾರಿಯ ಮೇಲೆ ಲಾರಿಗಳನ್ನು ನಿಲ್ಲಿಸಿಕೊಂಡು ಡ್ರೈವರುಗಳೂ ಗುಡಿಯ ಸಾಲಿಗೆ ನಿಂತಿದ್ದರೆಂದೂ, ಪಾಂಡವಪುರ ದಾಟುವುದೇ ಕಷ್ಟವಾಯಿತೆಂದೂ ಹೇಳಿದ. ಇಷ್ಟಾದ ಮೇಲೆ ನಮ್ಮೂರಿನವರು ಸುಮ್ಮನಿರುವುದುಂಟೇ? ಕೆರೆ ಏರಿಯ ಪಕ್ಕದ ಗಣೇಶನ ಗುಡಿಗೆ ಜನ ಚೊಂಬು ಚಮಚ ಹಿಡಿದು ಓಡಿದರು.

ಅಜ್ಜಿಯೂ ಎದ್ದಳು. ಮನೆಯಲ್ಲಿ ಬಾಡು ಮಾಡುವ ದಿನ ಗುಡಿಗೆ ಹೋಗಬಾರದು ಎಂದು ಮಸಾಲೆ ರುಬ್ಬುತ್ತಿದ್ದ ಅವ್ವ ನೆನಪಿಸಿದಳು. "ಇನ್ನೂ ಒಲೆ ಮ್ಯಾಲೆ ಇಟ್ಟಿಲ್ವಲ್ಲ, ಬುಡು" ಎಂದು ಅಜ್ಜಿ ನೆಲುವಿನಿಂದ ಚೊಂಬು ಇಳಿಸಿಕೊಂಡಳು. ಒಂದೇ ಚಮಚ ಕೊಟ್ಟು ಬರುತ್ತೇನೆ ಅಂದಳು. ನಾನೂ ಜೊತೆಗೆ ಹೋದೆ.

ಗಣೇಶ ಕುಡಿದನೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ಟೀವಿಯಲ್ಲಿ ಆಮೇಲೆ ಅದಕ್ಕೆ ಏನೇನೋ ಕಾರಣ ಹೇಳಿದರು. ನಾನು ಕಂಡದ್ದು ಇಷ್ಟು. ಸೊಂಡಿಲಿಗೆ ಚಮಚ ತಾಗಿಸಿದರೆ ಹಾಲು ಖಾಲಿಯಾಗುತ್ತಿತ್ತು. ಗುಡಿಯ ಹಿಂದಿನ ಮೋರಿಯಲ್ಲಿ ಊರಿನ ನಾಯಿಗಳೆಲ್ಲ ಬಹಳ ಸಂತೋಷವಾಗಿದ್ದವು. ಎರಡೂ ನಿಜ. ಅಜ್ಜಿ ತನ್ನ ಸರದಿ ಬಂದಾಗ ಸೊಂಡಿಲಿಗೆ ಚಮಚ ಹಿಡಿದಳು. ಹಾಲು ಹೋಯಿತು. ಅಜ್ಜಿ ನನ್ನ ಮುಖ ನೋಡಿ, ಮತ್ತೆ ಚಮಚ ತುಂಬಿ ಹಿಡಿದಳು. ಅದೂ ಹೋಯಿತು.

"ಕುಡೀತದೆ ಕಣೇ" ಎಂದು ನಕ್ಕಳು. ತಾತ ಹೋದ ಮೇಲೆ ಅವಳು ಬಾಯಿತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಒಂದೊಂದು ಚಮಚಕ್ಕೂ ಮಗುವಿಗೆ ಹೇಳುವಂತೆ, ಕುಡಿಯಪ್ಪಾ, ಇನ್ನೊಂಚೂರು ಕುಡಿ ಎಂದು ಉಪಚಾರ ಮಾಡುತ್ತಿದ್ದಳು. ಹಿಂದಿನವರು ಬೇಗ ಬೇಗ ಎಂದು ಕೂಗುತ್ತಿದ್ದರು. ಅಜ್ಜಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಸೊಸೆಯಂದಿರ ಮುಂದೆ ಹೇಳಿಕೊಳ್ಳಲು ಒಂದು ಸುದ್ದಿ ಸಿಕ್ಕಿತೆಂಬ ಹೆಮ್ಮೆಯಲ್ಲಿ ಮನೆಯ ಬಾಗಿಲವರೆಗೂ ಮಾತಾಡುತ್ತಲೇ ಬಂದಳು. ಹೊಸ್ತಿಲು ದಾಟಿ ಚೊಂಬನ್ನು ನೆಲುವಿಗೆ ಏರಿಸಲು ಕೈ ಎತ್ತಿದಳು. ಆಗ ಚೊಂಬಿನೊಳಗೆ ನೋಡಿದಳು. ತಳ ಕಾಣುತ್ತಿತ್ತು.

ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟಳು. "ಅವತ್ತೂ ಕೊಡ್ಲಿಲ್ಲ, ಇವತ್ತೂ ಕೊಡ್ದಂಗಾಯ್ತಲ್ಲವ್ವ" ಅಂದಳು.

ಸಂಜೆಗೆ ಇನ್ನೂ ಹೊತ್ತಿದೆ, ಎಲ್ಲಾದರೂ ಹಾಲು ಸಿಕ್ಕೇ ಸಿಗುತ್ತದೆ ಎಂದು ಚಿಕ್ಕಪ್ಪ ಮೊಪೆಡ್ ಹತ್ತಿದ. ಹೊಣಕೆರೆಯ ಹೋಟೆಲಿನವನು ಕಪ್ಪು ಟೀ ಕುಡಿದು ಹೋಗು ಅಂದನಂತೆ. ಅಕ್ಕಪಕ್ಕದ ಊರುಗಳಲ್ಲೂ ಅದೇ ಪಾಡು. ಕೊನೆಗೆ ಅಂಗಡಿಯಿಂದ ಹಾಲಿನ ಪುಡಿಯ ಡಬ್ಬ ತಂದ. ಅಜ್ಜಿ ಅದನ್ನು ತಿರುಗಿಯೂ ನೋಡಲಿಲ್ಲ.

"ಪುಡಿಗೆ ಏನಾಕಿ ಕಲಸ್ತೀಯ? ನೀರ್ ತಾನೆ? ಅವ್ರು ತೆಂಗಿನ ಬುಡಕ್ಕೆ ಉಯ್ದ್ಬುಟ್ಟು ಎದ್ದೋಯ್ತಾರೆ" ಅಂದಳು.

ಸಂಜೆ ಕರೆಯುವ ಹಾಲಿನ ಮೇಲೆ ಆಸೆ ಇಟ್ಟುಕೊಂಡು ಅವ್ವ ಕೇರಿಯ ಮನೆಗಳಿಗೆಲ್ಲ ಹೋಗಿ ಕೇಳಿದಳು. ಯಾರೂ ಕೆಟ್ಟವರಲ್ಲ, ಬೇರೆ ದಿನವಾಗಿದ್ದರೆ ಕೊಡಪಾನವನ್ನೇ ತುಂಬಿಸಿ ಕಳಿಸುವವರು. ಆದರೆ ಅವತ್ತು ಪ್ರತಿಯೊಬ್ಬರೂ ಸಂಜೆಯ ಹಾಲನ್ನು ಗಣೇಶನಿಗೆ ಮೀಸಲು ಕಟ್ಟಿಬಿಟ್ಟಿದ್ದರು. ದೇವರಿಗೆ ಎಂದು ಮೀಸಲಿಟ್ಟದ್ದನ್ನು ಸತ್ತವರ ಎಡೆಗೆ ಕೊಡುವುದುಂಟೇ? ಕೊಡುವವರಿಗೂ ಒಳ್ಳೆಯದಲ್ಲ, ಇಡುವವರಿಗೂ ಒಳ್ಳೆಯದಲ್ಲ. ಅವ್ವ ಖಾಲಿ ಪಾತ್ರೆ ತಂದು ಬೋರಲು ಹಾಕಿದಳು. ಕೇಳದೆ ಬಿಟ್ಟದ್ದು ಒಂದೇ ಮನೆ, ಎದುರುಮನೆ.

ಆ ಎದುರುಮನೆ ತಾತನ ವಿಷಯ ಹೇಳಬೇಕು. ಅವನೂ ನಮ್ಮ ತಾತನೂ ಒಟ್ಟಿಗೆ ದನ ಕಾಯ್ದವರು, ಒಟ್ಟಿಗೆ ಸಂತೆಗೆ ಹೋಗಿ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದವರು. ಊರಿಗೆ ಡೇರಿ ಬಂದ ಕಾಲಕ್ಕೆ ನಮ್ಮ ತಾತ ಅದರ ಅಧ್ಯಕ್ಷನಾದ. ಒಂದು ದಿನ ಗೆಳೆಯನ ಹಾಲಿನಲ್ಲಿ ಮೀಟರು ಮುಳುಗಿದ್ದನ್ನು ನೋಡಿ, ಜನರೆಲ್ಲ ನಿಂತಿದ್ದ ಹಾಗೆಯೇ ಅದನ್ನು ಚರಂಡಿಗೆ ಸುರಿಸಿದ. ಅಲ್ಲಿಗೆ ಇಬ್ಬರ ಮಾತೂ ನಿಂತಿತು.

ನಿಂತಿತು ಅಂದರೆ ಪೂರ್ತಿ ನಿಲ್ಲಲಿಲ್ಲ. ಬೀದಿಯ ಆಚೆ ಅವನ ಜಗಲಿ, ಈಚೆ ನಮ್ಮ ಜಗಲಿ, ನಡುವೆ ನಮ್ಮ ಎತ್ತು ಕಟ್ಟುವ ಗೂಟ. ಇಬ್ಬರೂ ಹೇಳಬೇಕಾದ್ದನ್ನೆಲ್ಲ ಎತ್ತಿಗೆ ಹೇಳುತ್ತಿದ್ದರು. "ಮಳೆ ಬಂದಂಗದೆ, ಕಣದಲ್ಲಿ ರಾಗಿ ಆಕಿರೋರು ಎತ್ಕೊಂಡ್ರೆ ವಾಸಿ ಕಣ್ಲಾ" ಎಂದು ನಮ್ಮ ತಾತ ಎತ್ತಿನ ಬೆನ್ನು ಸವರುತ್ತಾ ಗಟ್ಟಿಯಾಗಿ ಹೇಳುವುದು. "ನಮ್ಗೂ ಕಣ್ಣವೆ ಅಂತ ಯೋಳ್ಲಾ" ಎಂದು ಆ ಕಡೆಯಿಂದ ಎತ್ತಿಗೆ ಉತ್ತರ ಬರುವುದು. ಆದರೂ ರಾಗಿ ಎತ್ತಿಕೊಳ್ಳುತ್ತಿದ್ದ. ಎಷ್ಟೋ ವರ್ಷ ಹೀಗೇ ನಡೆಯಿತು. ಆ ಎತ್ತಿಗೆ ಗೊತ್ತಿದ್ದಷ್ಟು ಊರಿನ ರಾಜಕೀಯ ಪಂಚಾಯ್ತಿ ಮೆಂಬರಿಗೂ ಗೊತ್ತಿರಲಿಲ್ಲ. ತಾತ ಸತ್ತ ದಿನ ಎದುರುಮನೆ ತಾತ ಎತ್ತಿನ ಪಕ್ಕದಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಹಾಲಿಗೆ ನೀರು ಬೆರೆಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ನನ್ನ ಮೀಟರಿನ ಮುಂದೆ ದಿನವೂ ಬೇರೆ ಬೇರೆ ನೆಪ. ಹಸು ಹಸಿ ಹುಲ್ಲು ತಿಂದಿದೆ ಎನ್ನುವುದು ಒಂದು, ಮಳೆಯಲ್ಲಿ ನೆನೆದಿದೆ ಎನ್ನುವುದು ಇನ್ನೊಂದು.

ಸಂಜೆ ನಾನು ಡೇರಿ ತೆರೆದು ಕೂತೆ. ಒಂದು ನರಪಿಳ್ಳೆಯೂ ಬರಲಿಲ್ಲ. ಹಾಲಿನ ವ್ಯಾನಿನವನು ಬಂದು, ಖಾಲಿ ಕ್ಯಾನು ನೋಡಿ, ದಾರಿಯುದ್ದಕ್ಕೂ ಇದೇ ಕಥೆ ಎಂದು ನಕ್ಕು ಹೊರಟುಹೋದ. ಬಾಗಿಲು ಹಾಕೋಣವೆಂದು ಏಳುವಾಗ ಎದುರುಮನೆ ತಾತ ಕಾಣಿಸಿಕೊಂಡ. ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಂದು ಕ್ಯಾನು ಇಟ್ಟ.

ಅಭ್ಯಾಸಬಲದಿಂದ ನಾನು ಹಾಲು ತೆಗೆದು ಮೀಟರು ಬಿಟ್ಟೆ. ಅದು ಮುಳುಗಲಿಲ್ಲ. ತೆಗೆದು, ಒರೆಸಿ, ಮತ್ತೆ ಬಿಟ್ಟೆ. ಕತ್ತೆತ್ತಿ ನಿಂತಿತು. ನಾನು ಆ ಕೆಲಸಕ್ಕೆ ಸೇರಿದ ಮೇಲೆ ಅವನ ಹಾಲಿನಲ್ಲಿ ಮೀಟರು ಹಾಗೆ ನಿಂತದ್ದು ಅದೇ ಮೊದಲು.

"ಏನ್ ತಾತ, ಬಾವಿ ಬತ್ತೋಯ್ತಾ?" ಎಂದು ಕೇಳಿದೆ. ನನ್ನ ನಾಲಗೆಗೆ ಮೂಳೆ ಇಲ್ಲ, ಆಗಲೂ ಇರಲಿಲ್ಲ.

ಅವನು ಬೈಯಲಿಲ್ಲ. ಬೆಂಚಿನ ತುದಿಯಲ್ಲಿ ಕೂತ. "ಗಣೇಶಂಗೆ ಕುಡಿಸವ ಅಂತ ಇವತ್ತು ನೀರ್ ಆಕ್ದೆ ಆಲು ಕರ್ಕೊಂಡ್ ವೋದೆ ಕಣವ್ವ. ಗುಡಿ ಬಾಗ್ಲಗಂಟ ವೋದೆ. ಅಲ್ಲಿ ಯೋಚ್ನೆ ಬಂತು. ಇವತ್ತಿಂದು ಚೆನ್ನಾಗದೆ ಸರಿ, ದಿನಾ ಆಕ್ತಿದ್ದುದು ಅವನಿಗೆ ಗೊತ್ತಿಲ್ವಾ? ಎಲ್ಲಾರ್ ಆಲೂ ಕುಡುದ್ಬುಟ್ಟು ನನ್ ಚಮ್ಚಕ್ಕೆ ಬಾಯಿ ಮುಚ್ಕೊಂಡ್ರೆ? ಊರೆಲ್ಲಾ ನಿಂತದೆ. ಮೀಸಲು ಅಂತ ಬಾಯ್ಬಿಟ್ಟು ಯೋಳಿರ್ನಿಲ್ಲ, ಅದ್ಕೇ ತಿರ್ಗುಸ್ಕೊಂಡು ಬಂದ್ಬುಟ್ಟೆ."

ನನಗೆ ನಗು ಉಕ್ಕಿ ಬಂತು. ಡೇರಿಯ ಮೀಟರಿಗೆ ಅಷ್ಟು ವರ್ಷ ಹೆದರದವನು ಗಣೇಶನ ಸೊಂಡಿಲಿಗೆ ಹೆದರಿದ್ದ. ಆದರೆ ಅವನ ಮುಖ ನೋಡಿ ನಗು ನುಂಗಿಕೊಂಡೆ. ಮನೆಯಲ್ಲಿ ಏನಾಗಿದೆ ಎಂದು ಹೇಳಿದೆ. ಅಜ್ಜಿ ತಾತನಿಗೆ ಹೇಳಿದ್ದ ಮಾತು, ಚೊಂಬು ಖಾಲಿಯಾದದ್ದು, ಕಂಬಕ್ಕೆ ಒರಗಿ ಕೂತದ್ದು, ಎಲ್ಲ.

"ನನ್ ಆಲು ನಿಮ್ ತಾತ ಕುಡಿದಾನಾ?" ಅಂದ. ಆಮೇಲೆ ಕ್ಯಾನನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿ, "ತಕೊಂಡೋಗು. ಯಾರ್ದು ಅಂತ ಯೋಳ್ಬ್ಯಾಡ" ಅಂದ.

ಹೇಳದೆ ಇರಲು ನನ್ನಿಂದಾಗುತ್ತದೆಯೇ? ಅಲ್ಲದೆ ಆ ಕ್ಯಾನಿನ ಸೊಟ್ಟ ಮುಚ್ಚಳ ಊರಿಗೆಲ್ಲ ಗೊತ್ತು. ಅಜ್ಜಿ ಕ್ಯಾನು ನೋಡಿದವಳೇ ಎದ್ದು ನಿಂತಳು. ಒಂದು ಹನಿ ತೆಗೆದು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟುಕೊಂಡಳು. ಹನಿ ಜಾರಲಿಲ್ಲ. ನಾನು ಗುಡಿಯ ಬಾಗಿಲಿನ ಕಥೆಯನ್ನೂ ಹೇಳಿದೆ. ಅತ್ತೆ ಬೇಡವೆಂದಳು. ತನ್ನ ಅಪ್ಪನಿಗೆ ಆಗದವರ ಮನೆಯ ಹಾಲು ಮೊದಲ ಎಡೆಗೇ ಇಟ್ಟರೆ ಅವನ ಜೀವ ನೊಂದುಕೊಳ್ಳುತ್ತದೆ ಎಂದು ಅವಳ ವಾದ. ಚಿಕ್ಕಪ್ಪ ತಲೆ ಕೆರೆದುಕೊಂಡ. ಎಲ್ಲರೂ ಅಜ್ಜಿಯ ಮುಖ ನೋಡಿದೆವು. ಹೊರಗೆ ಬೆಳಕು ಇಳಿಯುತ್ತಿತ್ತು, ಎಡೆಯ ಹೊತ್ತಾಗಿತ್ತು.

"ನೊಂದ್ಕೊಂಡ್ರೆ ಕನಸಲ್ಲಿ ಬಂದು ಜಗಳ ಆಡ್ಲಿ" ಅಂದಳು ಅಜ್ಜಿ. "ವರ್ಸಾಯ್ತು ಅವ್ರು ನನ್ ಕೂಡೆ ಜಗಳ ಆಡಿ." ಹಾಗೆಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಕೂತಳು.

ಕಾಫಿಯನ್ನು ಅವಳೇ ಮಾಡಿದಳು, ಯಾರನ್ನೂ ಹತ್ತಿರ ಬಿಡಲಿಲ್ಲ. ತಾತನ ಹಿತ್ತಾಳೆ ಲೋಟ ಹುಣಸೆಹಣ್ಣಿನಲ್ಲಿ ತೊಳೆಸಿಕೊಂಡು ಫಳಫಳ ಹೊಳೆಯುತ್ತಿತ್ತು. ಅದನ್ನು ಕಂಠದವರೆಗೆ ತುಂಬಿಸಿ, ಮುತ್ತಜ್ಜಿಯ ನಶ್ಯದ ಪಕ್ಕದಲ್ಲಿ, ಬಾಡಿನ ಎಲೆಗಳಿಂದ ಸ್ವಲ್ಪ ದೂರಕ್ಕೆ ಇಟ್ಟಳು. ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಎದುರು ಜಗಲಿಯಲ್ಲಿ ಎದುರುಮನೆ ತಾತ ಕೂತಿದ್ದ. ನಮ್ಮ ಕಡೆ ನೋಡದ ಹಾಗೆ ನೋಡುತ್ತಿದ್ದ. ಅಜ್ಜಿ ಬೀದಿಯವರೆಗೂ ಇಳಿದು ಹೋಗಿ, "ಬಾ ಅಣ್ಣಯ್ಯ, ನಮ್ ಜಗಲಿ ಮ್ಯಾಲೆ ಕೂತ್ಕೊ" ಎಂದು ಕರೆದಳು. ಅವನು ಎದ್ದ. ಎತ್ತಿನ ಹತ್ತಿರ ಬಂದು ಒಂದು ಗಳಿಗೆ ನಿಂತ. ಅದರ ಕೊರಳು ಸವರಿ, ಏನೋ ಹೇಳಲು ಬಾಯಿ ತೆರೆದು, ಹೇಳದೆ, ದಾಟಿಕೊಂಡು ಬಂದು ಜಗಲಿಯ ತುದಿಯಲ್ಲಿ ಕೂತ. ಕೆರೆ ಏರಿಯ ಕಡೆಯಿಂದ ಗುಡಿಯ ಗಂಟೆ ಕೇಳಿಸುತ್ತಲೇ ಇತ್ತು. ಬೀದಿಯಲ್ಲಿ ಹೋಗಿ ಬರುವವರೆಲ್ಲ ಒಬ್ಬರನ್ನೊಬ್ಬರು ಒಂದೇ ಮಾತು ಕೇಳುತ್ತಿದ್ದರು, ಕುಡೀತಾ, ನಿಮ್ಮದು ಕುಡೀತಾ ಎಂದು.

ಅಜ್ಜಿ ಬಾಗಿಲು ತಟ್ಟಿ ತೆರೆದಳು. ನಾನೂ ಅವಳ ಹಿಂದೆಯೇ ಹೋದೆ. ದಿನವೂ ಹಾಲಿನ ಮಟ್ಟ ನೋಡುವ ಕಣ್ಣು ನನ್ನದು, ಸೀದಾ ಲೋಟಕ್ಕೇ ಹೋಯಿತು. ಕಾಫಿ ಇಟ್ಟ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಅಜ್ಜಿಯೂ ಅದನ್ನೇ ನೋಡಿದಳು. ಬಗ್ಗಿ ಲೋಟ ಎತ್ತಿಕೊಂಡು ಎರಡು ಕೈಯಲ್ಲೂ ಹಿಡಿದು ಹೊರಗೆ ತಂದಳು.

ಎದುರುಮನೆ ತಾತ ಎದ್ದು ನಿಂತ. "ಕುಡುದ್ನಾ?" ಎಂದು ಕೇಳಿದ.

ಅಜ್ಜಿ ಲೋಟವನ್ನು ಅವನ ಕೈಗಿಟ್ಟಳು. "ಅವ್ರಿಗೆ ಆಗಿ ಮಿಕ್ಕದೆ. ನಿಂಗೆ ಅಂತ ಬುಟ್ಟವ್ರೆ. ಕುಡಿ ಅಣ್ಣಯ್ಯ" ಅಂದಳು.

ಅವನು ತುಂಬಿದ ಲೋಟವನ್ನು ನೋಡಿದ, ಅಜ್ಜಿಯನ್ನು ನೋಡಿದ. ನಿಂತಲ್ಲೇ ಒಂದೇ ಉಸಿರಿಗೆ ಕುಡಿದು, ಮೀಸೆಗೆ ಹತ್ತಿದ್ದ ಕೆನೆಯನ್ನು ಟವೆಲ್ಲಿನಲ್ಲಿ ಒರೆಸಿಕೊಂಡ. ಆಮೇಲೆ ನಮ್ಮ ಯಾರ ಕಡೆಗೂ ನೋಡದೆ, ತೆರೆದ ಬಾಗಿಲೊಳಗೆ ದೀಪ ಉರಿಯುತ್ತಿದ್ದ ಕಡೆಗೆ ತಿರುಗಿದ.

"ಒಂದ್ ತೊಟ್ಟೂ ನೀರ್ ಆಕಿಲ್ಲ ಕಣ್ಲಾ" ಅಂದ.

ಅಷ್ಟು ವರ್ಷಗಳ ಮೇಲೆ ಅವನು ನಮ್ಮ ತಾತನೊಡನೆ ನೇರವಾಗಿ ಆಡಿದ ಮಾತು ಅದು. ನಡುವೆ ಎತ್ತು ಇರಲಿಲ್ಲ.